ಐದು ಚೀಲ ಅಂಕಿ

ಚಪ್ಪಲಿ ಮೆಟ್ಟಿಕೊಂಡೇ ಮುರಗೆಪ್ಪ ಮಗಳ ಖೋಲಿಗೆ ನುಗ್ಗಿದ, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ. 2012ರ ಕಬ್ಬಿನ ಹಂಗಾಮು. ನಸುಕಿನಲ್ಲಿ ಕರೆಂಟು ಹೋಗಿ ಇನ್ವರ್ಟರಿನ ಬ್ಯಾಟರಿಯೂ ಇಳಿಯತೊಡಗಿದಾಗ, ಹಾರೂಗೇರಿ ಕಾಲೇಜಿನಲ್ಲಿ ಗಣಿತ ಕಲಿಯುವ ಕೋಮಲ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ತನ್ನ ಕಂಪ್ಯೂಟರಿನ ಇನ್ವರ್ಟರಿಗೆ ಜೋಡಿಸಿಬಿಟ್ಟಿದ್ದಳು. ಹೊರಗೆ ಕಬ್ಬು ಹೇರಿದ ಟ್ರ್ಯಾಕ್ಟರು ಮಿಸುಕದೆ ನಿಂತಿತ್ತು. ಇವತ್ತು ತಪ್ಪಿದರೆ ಸಕ್ಕರೆ ಫ್ಯಾಕ್ಟರಿಯ ಪಾಳಿ ಮತ್ತೆ ವಾರಕ್ಕೆ. ಅಷ್ಟರಲ್ಲಿ ಕಬ್ಬು ಒಣಗಿ ಕಟ್ಟಿಗೆಯಾಗುತ್ತದೆ.

"ಅಪ್ಪಾ, ನಿನ್ನ ಕಾಲ ಬೀಳತೇನಿ, ಅರ್ಧಾ ತಾಸು ತಡಿ! ಈ ಮುದಿ ಕಂಪ್ಯೂಟರ್ ಆರಿದ್ರ ಮತ್ತ ಹತ್ತೂದಿಲ್ಲ. ಎರಡು ತಿಂಗಳ ಲೆಕ್ಕ ಹೊಳ್ಯಾಗ ಹುಣಸೀಹಣ್ಣು ತೊಳದಂಗ ಆಕ್ಕೈತಿ."

"ಹಂತಾದ್ದೇನ ಬೇ ಲೆಕ್ಕ?"

"ಒಂದ ಸಂಖ್ಯೆ ಅಪ್ಪಾ. ಎರಡ ಎರಡ್ಲೆ ನಾಕು, ನಾಕ ಎರಡ್ಲೆ ಎಂಟು, ಹಿಂಗ ಐದು ಕೋಟಿ ಸಲದ ಮ್ಯಾಲ ಗುಣಿಸಿ, ಒಂದು ಕಳದ್ರ ಬರೂದು. ಒಂದ ಬಿಟ್ಟು ಬ್ಯಾರೆ ಯಾವುದಾರ ಸಣ್ಣ ಸಂಖ್ಯೆಲೆ ಅದನ್ನ ಸಮಾ ಪಾಲು ಮಾಡಾಕ ಬರತೈತೇನು ಅಂತ ನೋಡಾಕತ್ತೇನಿ. ಬರಲಿಲ್ಲಂದ್ರ, ಜಗತ್ತಿಗೆ ಗೊತ್ತಿರೂ ಅವಿಭಾಜ್ಯ ಸಂಖ್ಯೆಯೊಳಗ ಇದ ಎಲ್ಲಾಕಿಂತ ದೊಡ್ಡದು!"

"ಎಷ್ಟ ದೊಡ್ಡದು?"

ಕೋಮಲ ಮೂಲೆಯಲ್ಲಿದ್ದ ಜೋಳದ ಚೀಲಗಳತ್ತ ಕೈ ತೋರಿದಳು. "ಅಂಕಿಗೊಂದು ಕಾಳು ಇಟ್ರ ಈ ಐದೂ ಚೀಲ ಬೇಕು."

"ಐದ ಚೀಲದ ಕಾಳಿನಷ್ಟ? ಅದೇನ ಮಹಾ!"

"ಕಾಳಿನಷ್ಟಲ್ಲಪಾ. ಆ ಸಂಖ್ಯೆ ಬರಿಯಾಕ ಬೇಕಾಗೂ ಅಂಕಿನ ಅಷ್ಟು."

ಮುರಗೆಪ್ಪ ಬೆರಳು ಮಡಚತೊಡಗಿದ. ನಾಲ್ಕು ಕಾಳಿಗೆ ಸಾವಿರ. ಆರಕ್ಕೆ ಲಕ್ಷ. ಎಂಟಕ್ಕೆ ಕೋಟಿ. ಅವನ ಬಾಯಲ್ಲಿ ಇದುವರೆಗೆ ಬಂದ ಅತಿ ದೊಡ್ಡ ಸಂಖ್ಯೆಯೆಂದರೆ ಕೋಟಿಯೇ. ಕೈಯಲ್ಲಿ ಇನ್ನೂ ಎರಡು ಬೆರಳು ಉಳಿದಿದ್ದವು, ಮೂಲೆಯಲ್ಲಿ ಐದೂ ಚೀಲ ಹಾಗೇ ಕೂತಿದ್ದವು. ಶಿವಶಿವಾ! ಹುಟ್ಟಿದಾಗಿನಿಂದ ಜೋಳ ಅಳೆದವನು ಆ ಚೀಲಗಳನ್ನು ನೋಡಲು ಅಂಜಿದ.

"ಸಾವಕಾರ್ರ, ಪಾಳಿ ತಪ್ಪತೈತ್ರಿ!" ಹೊರಗಿನಿಂದ ಡ್ರೈವರ್ ಭೀಮಸಿ ಕೂಗಿದ.

"ತಪ್ಪಿದ್ರ ತಪ್ಪವಲ್ದ್ಯಾಕ, ಸುಮ್ನಿರಲೇ!" ಎಂದು ಮುರಗೆಪ್ಪ ಅಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.

ಕೊನೆಗೆ ಪರದೆಯ ಮೇಲೆ ಒಂದು ಸಾಲು ಮೂಡಿತು. ಕೋಮಲಳ ಮುಖ ಸಣ್ಣದಾಯಿತು.

"ಪಾಲು ಆಕ್ಕೈತಂತ ಅಪ್ಪಾ. ಇದು ಅವಿಭಾಜ್ಯ ಅಲ್ಲ."

"ಎಷ್ಟರಲೆ ಪಾಲು ಆಕ್ಕೈತಿ?"

"ಅದನ್ನ ಈ ಲೆಕ್ಕ ಹೇಳೂದಿಲ್ಲ. ಆಕ್ಕೈತಿ ಅನ್ನೂದಷ್ಟ ಖರೆ. ಎಲ್ಲಾ ದಂಡ ಆತು. ನಿನ್ನ ಪಾಳೀನೂ ಹೋತು." ಅವಳು ಕಣ್ಣೊರೆಸಿಕೊಂಡಳು.

ಮುರಗೆಪ್ಪ ಪರದೆಯಿಂದ ಕಣ್ಣು ಕೀಳಲಿಲ್ಲ. "ಕೋಮಲಾ, ಇದು ಪಾಲು ಆಕ್ಕೈತಿ ಅಂತ ಇದಕಿಂತ ಮೊದಲ ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ. ಜಗತ್ತಿನ ತುಂಬ ಇದನ್ನ ಹುಡುಕೂ ಮಂದಿಗೆ ಇಂಟರ್ನೆಟ್ಟಿನ್ಯಾಗ ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಹಂಚಿರತಾರ. ಇದು ನನಗ ಬಂದಿತ್ತು."

"ಲಂಡನ್ನಾಗ?"

"ಅಲ್ಲೂ ಇಲ್ಲ."

"ಹಂಗಾರ, ಈಗ ಯಾರ್ಯಾರಿಗೆ ಗೊತ್ತೈತಿ?"

ಕೋಮಲ ತಲೆಯೆತ್ತಿದಳು. "ನನಗ. ನಿನಗ."

ಬ್ಯಾಟರಿ ಬಿಚ್ಚಲು ಬಾಗಿದ ಮುರಗೆಪ್ಪ ತಡೆದು ತನ್ನ ಕಾಲು ನೋಡಿಕೊಂಡ. ಎದ್ದು ಹೊರಗೆ ಹೋಗಿ, ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು ಒಳಗೆ ಬಂದ.