ಇನ್ನೂ ಕ್ಯೂರಿಂಗ್

ಹೊಸ ತಾರಸಿಗೆ ಹಾಸಿದ ಒದ್ದೆ ಗೋಣಿಚೀಲದ ವಾಸನೆ ಬಂದರೆ ಈಗಲೂ ನನ್ನ ಹಣೆ ತಣ್ಣಗಾಗುತ್ತದೆ.

ಆ ಮಂಗಳವಾರ ಎಂಜಿನಿಯರ್ ಅಪ್ಪ ಕೋಗಿಲಿನಲ್ಲಿ ನಡೆಯುತ್ತಿದ್ದ ಮನೆ ಕಟ್ಟುವ ಕೆಲಸ ಬಿಟ್ಟು, ಅಟ್ಟೂರಿನ ನಮ್ಮ ಮನೆಯಲ್ಲಿ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದರು. ಮರುದಿನ ನನ್ನ ಶಾಲೆಯಲ್ಲಿ ಓಟದ ಪಂದ್ಯವಿತ್ತು.

ಮೇಸ್ತ್ರಿ ಫೋನ್ ಮಾಡಿದ. "ಸಾರ್, ತಾರಸಿ ಮೋಲ್ಡ್ ಗಟ್ಟಿ ಆಗೈತೆ. ಓನರ್ರು ಸೆಂಟ್ರಿಂಗ್ ಕಂಬ ಬಿಚ್ಚು ಅಂತಾವ್ರೆ."

"ಮುಟ್ಟಿದ್ರೆ ನೋಡು! ಮೇಲಷ್ಟೇ ಗಟ್ಟಿ ಕಣಯ್ಯಾ, ಒಳಗಿನ್ನೂ ಹಸಿ. ಕ್ಯೂರಿಂಗ್ ಮುಗಿಯೋವರ್ಗೂ ನೀರು ಬಿಡ್ತಾ ಇರು."

ಅಪ್ಪ ಫೋನ್ ಇಟ್ಟ ಕೂಡಲೇ ಕೇಳಿದೆ: "ನಾಳೆ ಓಡ್ಲಾ ಅಪ್ಪಾ? ಜ್ವರ ಬಿಟ್ಟಿದೆ."

"ನೀನೂ ಇನ್ನೂ ಕ್ಯೂರಿಂಗ್‌ನಲ್ಲಿದೀಯ ಕಣೇ."

ನಾನು ಅತ್ತೆ.

ಮರುದಿನ ಪಂದ್ಯದ ಹೊತ್ತಿಗೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಮ್ಮ ಬೀದಿಯ ಉದ್ದಕ್ಕೂ ಓಡಿದರು. ಪಕ್ಕದ ಮನೆಯವರು ನಕ್ಕರು. ಅಪ್ಪನಿಗೆ ಏದುಸಿರು ಬಂತು. ನಾನು ಫಸ್ಟ್ ಬಂದೆ.