ಹಳೇ ಚೀಟಿ, ಎರವಲು ಗಂಟಲು

ವಿರೂಪಾಕ್ಷ ತನ್ನ ಗಂಟಲು ಕಳಚಿಟ್ಟು ದೊಡ್ಡಪ್ಪನ ಗಂಟಲು ತೊಟ್ಟುಕೊಂಡ. ಒಮ್ಮೆ ಕೆಮ್ಮಿದ. ಮೂಗಿಗೆ ಒಂದಿಷ್ಟು ಸಿಟ್ಟು ಏರಿಸಿಕೊಂಡ. ದೊಡ್ಡಪ್ಪ ಮನೆಯಲ್ಲೇ ಮರೆತು ಹೋಗಿದ್ದ ಫೋನಿನಿಂದ ಹುಣಸೂರಿನ ಡಾಕ್ಟರ್ ನಂಜುಂಡಸ್ವಾಮಿಯವರ ಕ್ಲಿನಿಕ್ಕಿಗೆ ನಂಬರು ಒತ್ತಿ, ಸ್ಪೀಕರ್ ಹಾಕಿದ.

"ಸಿಕ್ಕಾಕೊಂಡ್ರೆ ಏನ್ಲಾ ಗತಿ?" ದೊಡ್ಡಮ್ಮ ಮಂಗಳಗೌರಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು.

"ಪ್ರಿನ್ಸಿಪಾಲರ ದನೀಲಿ ರಜಾ ಕೊಟ್ಟು ಪ್ರಿನ್ಸಿಪಾಲರನ್ನೇ ಮನೇಗ್ ಕಳ್ಸಿದೋನು ನಾನು. ಸುಮ್ಕಿರು ದೊಡ್ಡಮ್ಮ."

"ನಿಮ್ಮ ವಂಶದೋರಿಗೇ ಒಂದು ಗಂಟ್ಲು ಸಾಲ್ದು ಬುಡು."

ನಗುವ ಹೊತ್ತಲ್ಲ ಅದು. ದೊಡ್ಡಪ್ಪ ಶಿವನಂಜಪ್ಪನ ಬಿ.ಪಿ. ಮಾತ್ರೆ ಮುಗಿದುಹೋಗಿತ್ತು. ಹೋದ ವರ್ಷ ಹೀಗೇ ಮಾತ್ರೆ ತಪ್ಪಿಸಿ, ಒಂದು ಬೆಳಿಗ್ಗೆ ಕಾಫಿ ಲೋಟ ಕೈಜಾರಿ, ಬಾಯಿ ಒಂದು ಕಡೆಗೆ ವಾಲಿ, ಮನೆಮಂದಿಯ ಜೀವ ಬಾಯಿಗೆ ಬಂದಿತ್ತು. ಇನ್ನೊಂದು ಸಲ ಹಾಗಾದರೆ ನಾನು ಹೊಣೆಯಲ್ಲ ಎಂದಿದ್ದರು ಡಾಕ್ಟರು.

ಡಾಕ್ಟರದ್ದು ಒಂದೇ ನಿಯಮ. ಹಳೇ ಚೀಟಿಯ ಮೇಲೆ ಮತ್ತೆ ಮಾತ್ರೆ ಬೇಕೆಂದರೆ ರೋಗಿಯೇ ಫೋನಿಗೆ ಬರಬೇಕು. ದನಿ ಕೇಳಿ, ನಾಲ್ಕು ಪ್ರಶ್ನೆ ಹಾಕಿ, ಆಮೇಲೆ ಹೂಂ ಅನ್ನುವುದು. ಪೊಟ್ಟಣ ಊರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂದಿಳಿಯುತ್ತಿತ್ತು. ಶಿವನಂಜಪ್ಪ ಫೋನಿಗೂ ಬರಲೊಲ್ಲ. ಹೋದ ಸಲ ಕ್ಲಿನಿಕ್ಕಿನಲ್ಲಿ ಎಲ್ಲರೆದುರು "ಹೊಗೆಸೊಪ್ಪು ಬೆಳೆಯಿರಿ, ಅಗಿಯಬೇಡಿ" ಎಂದು ಡಾಕ್ಟರು ಗದರಿದ್ದರು. "ಬೆಳೆದೋನು ರುಚಿ ನೋಡ್ದೆ ಮಾರಕ್ಕೆ ನಾನೇನು ಕಳ್ಳ ವ್ಯಾಪಾರೀನಾ?" ಎಂದು ಎದ್ದು ಬಂದವನು ಅವರ ಹೆಸರು ಎತ್ತಿದರೂ ಉರಿದು ಬೀಳುತ್ತಿದ್ದ. ಇವತ್ತು ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ವಿಭೂತಿ ಬಳಿದು, ಗೊಬ್ಬರದ ರೇಟು ಕೇಳಿಬರುತ್ತೇನೆಂದು ಹುಣಸೂರಿನ ಬಸ್ಸು ಹತ್ತಿದ್ದ.

ಆ ಕಡೆ ಫೋನು ಎತ್ತಿದರು.

"ಹಲೋ, ಡಾಕ್ಟ್ರಾ? ನಾನು ಶಿವನಂಜಪ್ಪ ಕಣ್ರೀ. ಅದೇ ಬಿ.ಪಿ. ಮಾತ್ರೆ, ಹಳೇ ಚೀಟೀನೇ. ರಿಪೀಟು ಮಾಡ್ಬುಡಿ."

ಆ ಕಡೆ ಕುರ್ಚಿಯೊಂದು ಕಿರ್ರೆಂದು ಸರಿಯಿತು.

"ಯಾರು ಅಂದ್ರಿ?"

"ಶಿವನಂಜಪ್ಪ."

"ಇನ್ನೊಂದ್ಸಲ ಹೇಳಿ. ನಿಮ್ಮ ಬಾಯಲ್ಲೇ ಕೇಳ್ಬೇಕು ನಾನು. ಅರ್ಥ ಆಯ್ತೇನ್ರೀ?"

ವಿರೂಪಾಕ್ಷ ದೊಡ್ಡಮ್ಮನಿಗೆ ಕಣ್ಣು ಹೊಡೆದ. ಪ್ರತಿ ಮಾತಿನ ಬಾಲಕ್ಕೆ 'ಅರ್ಥ ಆಯ್ತೇನ್ರೀ' ಕಟ್ಟುವುದು ಡಾಕ್ಟರ ಅಭ್ಯಾಸ. ಇಡೀ ತಾಲ್ಲೂಕಿಗೆ ಗೊತ್ತು.

"ಶಿವನಂಜಪ್ಪ ಕಣ್ರೀ ನಾನೇ!"

"ಸಂತೋಷ. ತಲೆ ಸುತ್ತು?"

"ಸುತ್ತತದೆ. ಮನೇಲಿ ಯೋಳಲ್ಲ."

"ಹೊಗೆಸೊಪ್ಪು ಬಿಟ್ರಾ?"

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಲಾವಿದನಿಗೆ ವೇಷ ಮೈಗೆ ಹತ್ತಿತ್ತು. "ಎಲ್ ಬುಟ್ಟೆ ಡಾಕ್ಟ್ರೇ! ಎಂಡ್ರು ಮುಂದೆ ಬುಟ್ಟಿವ್ನಿ, ಕೊಟ್ಟಿಗೆ ಇಂದೆ ಅಗೀತೀನಿ. ಸೂರಿನ ಸಂದೀಲಿ ಮಡಗಿವ್ನಿ."

ಮಂಗಳಗೌರಿಯ ಕಣ್ಣು ಅಗಲವಾಯಿತು. ಆ ಕಡೆ ಯಾರೋ ಜೋರಾಗಿ ಕೆಮ್ಮಿದರು.

"ಅದು... ನಿಮ್ಮ ಮನೆಯವರಿಗೆ ಗೊತ್ತಾ?"

"ಅವಳಿಗೆ ಗೊತ್ತಾಗ್ದೇ ಇರೋದೇನೂ ಇಲ್ಲ ಡಾಕ್ಟ್ರೇ. ನಾನು ಮೊಂಡ. ಅವತ್ತು ನಿಮ್ಮೇಲೆ ರೇಗಿದ್ದು ತಪ್ಪಾಯ್ತು."

"ತಪ್ಪಾಯ್ತು ಅಂತ ಶಿವನಂಜಪ್ಪನವರೇ ಹೇಳ್ತಿದ್ದಾರಾ?"

"ಅವ್ರೇ... ಅಂದ್ರೆ ನಾನೇ."

"ಮನೇಲಿ ಒಬ್ಬ ಹುಡುಗ ಇದ್ದಾನಲ್ಲ, ಕೆಲಸ ಇಲ್ದೆ ಊರೋರ ದನಿಯೆಲ್ಲ ಕದೀತಾ?"

"ಚಿನ್ನ ಕಣ್ರೀ ಅವನು! ನಮ್ಮನೇಲಿ ತಲೆ ಸರ್ಯಾಗಿರೋನು ಅವನೊಬ್ನೇ."

ಮತ್ತೆ ಕೆಮ್ಮು. ಈ ಸಲ ಬಹಳ ಹೊತ್ತು. "ಹಾಗಾದ್ರೆ ಆ ಚಿನ್ನಾನೇ ಕಳಿಸಿ. ಮಾತ್ರೆ ಬಸ್ಸಲ್ಲಿ ಬರೋಲ್ಲ. ಈಗಲೇ. ಅರ್ಥ ಆಯ್ತೇನ್ರೀ?"

ಫೋನು ಇಟ್ಟೊಡನೆ ಮಂಗಳಗೌರಿ ನೆಟ್ಟಗೆ ಕೊಟ್ಟಿಗೆಯ ಹಿಂದಕ್ಕೆ ನಡೆದಳು. ವಿರೂಪಾಕ್ಷ ಬೈಕು ಹತ್ತಿದ.

ಕ್ಲಿನಿಕ್ಕಿನ ಬಾಗಿಲಲ್ಲಿ ಕಾಂಪೌಂಡರ್ ಮಾದೇಶ್ ಪೊಟ್ಟಣ ಕಟ್ಟುತ್ತಿದ್ದ. ಗೆದ್ದ ಉಮೇದು. ವಿರೂಪಾಕ್ಷ ಡಾಕ್ಟರ ದನಿಯಲ್ಲೇ ಶುರುಮಾಡಿದ. "ಮಾದೇಶ್, ಶಿವನಂಜಪ್ಪನವರ ಮಾತ್ರೆ ಕೊಡಿ. ಅರ್ಥ ಆಯ್ತೇನ್ರೀ?"

ಮಾದೇಶ್ ತಲೆ ಎತ್ತಲಿಲ್ಲ. "ಏನಣ್ಣ, ಇವತ್ತು ಬಂದೋರೆಲ್ಲ ಡಾಕ್ಟ್ರೇ ಆಗೋದ್ರಲ್ಲ! ಪಾಪ, ಅವ್ರಿಗೇ ಬೆಳಿಗ್ಗೆಯಿಂದ ದನಿ ಇಲ್ಲ."

"ದನಿ ಇಲ್ವಾ?"

"ಗಂಟ್ಲು ಪೂರ್ತಿ ಕಟ್ಕೊಂಡದೆ. ಬರೀ ಕೈಸನ್ನೆ. ನಾನೋ ಇಂಜೆಕ್ಷನ್ ಕೊಡೋದ್ರಲ್ಲಿದ್ದೆ. ಫೋನು ಬಡ್ಕೊಂಡಾಗ ಎದುರಿಗೆ ಕೂತಿದ್ದ ಪೇಶೆಂಟೇ ಎತ್ತುದ್ರು."

ವಿರೂಪಾಕ್ಷನ ಮೈಯಲ್ಲಿದ್ದ ಗಂಟಲುಗಳೆಲ್ಲ ಒಟ್ಟಿಗೆ ಒಣಗಿದವು. ಮೆಲ್ಲಗೆ ಹಸಿರು ಪರದೆ ಸರಿಸಿದ.

ಡಾಕ್ಟರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಭುಜ ಕುಣಿಸುತ್ತಿದ್ದರು. ಎದುರಿನ ಕುರ್ಚಿಯಲ್ಲಿ, ಬಿಳಿ ಅಂಗಿಯ ತೋಳು ಮಡಚಿ, ಬಿ.ಪಿ. ಪಟ್ಟಿ ಕಟ್ಟಿಸಿಕೊಂಡು ಶಿವನಂಜಪ್ಪ ಕೂತಿದ್ದ.

"ಬಾರ್ಲಾ ಚಿನ್ನ," ಎಂದ ಅವನು, ಅಚ್ಚುಕಟ್ಟಾಗಿ ಡಾಕ್ಟರ ದನಿಯಲ್ಲಿ. ಆಮೇಲೆ ತನ್ನ ದನಿಗೆ ಇಳಿದು, ಕೊಂಚ ಅಳುಕಿನಿಂದ ಕೇಳಿದ: "ನೀನು ಮಾತಾಡೋವಾಗ ನಿನ್ ದೊಡ್ಡಮ್ಮ ಎಲ್ಲಿದ್ಲು?"

"ಪಕ್ಕದಲ್ಲೇ. ಸ್ಪೀಕರ್ ಹಾಕಿದ್ದೆ ದೊಡ್ಡಪ್ಪ."

ಶಿವನಂಜಪ್ಪನ ಬಾಯಿ ತೆರೆದುಕೊಂಡೇ ನಿಂತಿತು. ಆಮೇಲೆ, ಬೇಡ ಬೇಡವೆಂದು ಡಾಕ್ಟರು ಎರಡೂ ಕೈ ಬೀಸುತ್ತಿದ್ದರೂ, ಪಟ್ಟಿ ಕಟ್ಟಿದ ತೋಳಿನಿಂದ ಮೇಜು ಗುದ್ದಿ ಗುದ್ದಿ, ಹೊರಗಿನ ಬೆಂಚಿನ ರೋಗಿಗಳೆಲ್ಲ ಎದ್ದು ನಿಲ್ಲುವಷ್ಟು ಜೋರಾಗಿ ನಕ್ಕ.