ಹೊರಗೆ ಕೂತವಳು

"ನಾನು ಹೊರಗಾಗಿದ್ದೀನಿ" ಎಂದು ಶಾಮಲಮ್ಮ ಹುಳುಮನೆಯ ಹೊಸ್ತಿಲಾಚೆಯೇ ನಿಂತು ಹೇಳಿದಾಗ ಅವಳ ಗಂಡ ಮುನಿಕೃಷ್ಣಪ್ಪ ತಲೆಯ ಮೇಲಿದ್ದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ದೊಪ್ಪನೆ ಕೆಳಗೆ ಹಾಕಿದ.

"ಈಗ್ಲೇ ಆಗ್ಬೇಕಾಗಿತ್ತಾ? ಹುಳ ನಾಕ್ನೇ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದೈತೆ. ಹಗ್ಲೂ ರಾತ್ರಿ ಸೊಪ್ಪು ಕೇಳ್ತಾವೆ. ನಾನೊಬ್ನೇ ಸಾಯ್ಲಾ?"

"ನಾನೇನು ಹೇಳಿ ಕಳಿಸಿ ಕರೆಸ್ಕೊಂಡ್ನಾ?"

ನಿಜ ಹೇಳಬೇಕೆಂದರೆ ಹೇಳಿ ಕರೆಸಿಕೊಂಡದ್ದೇ ಆಗಿತ್ತು. ಶಾಮಲಮ್ಮನಿಗೆ ಕೊನೆಯ ಸಲ ಮುಟ್ಟು ಬಂದು ಐದು ತಿಂಗಳಾಗಿತ್ತು. ಬೇರೆ ದಿನಗಳಲ್ಲಿ ಆ ಮನೆಯಲ್ಲಿ ಯಾರೂ ಮೈಲಿಗೆ ಕೇಳುತ್ತಿರಲಿಲ್ಲ. ಆದರೆ ರೇಷ್ಮೆಹುಳು ಇದ್ದಾಗ ಮಾತ್ರ ಹಳೆಯ ಕಟ್ಟಳೆಯೇ. ಹೊರಗಾದವಳು ಹುಳುಮನೆಗೆ ಹೋಗುವಂತಿಲ್ಲ, ತೋಟದ ಸೊಪ್ಪು ಮುಟ್ಟುವಂತಿಲ್ಲ, ಅವಳನ್ನು ಮುಟ್ಟಿದವರಿಗೂ ಇದೇ ಕಟ್ಟು. ಮೂರು ದಿನ ಹಿತ್ತಲ ಜಗಲಿಯ ಮೇಲೆ ಸುಮ್ಮನೆ ಕೂತಿರಬೇಕು. ಚಿಕ್ಕ ವಯಸ್ಸಿನಲ್ಲಿ ಈ ಕಟ್ಟಳೆಗೆ ಅವಳು ಹಾಕದ ಶಾಪವಿಲ್ಲ.

ಈಗ ಆ ಜಗಲಿಯೇ ಬೇಕಾಗಿತ್ತು. ಮಟಮಟ ಮಧ್ಯಾಹ್ನ ಎದೆಯಿಂದ ಕಿವಿಯವರೆಗೆ ಒಲೆಯ ಝಳ ಹತ್ತಿದಂತಾಗಿ ಬೆವರುತ್ತಿದ್ದಳು. ಹಾಲು ಹೆಪ್ಪಾಗದಿದ್ದರೆ ಅಳು, ಗಂಡ ಮುದ್ದೆ ನುಂಗುವ ಸದ್ದಿಗೆ ಸಿಟ್ಟು. ಮುಳಬಾಗಿಲಿನ ಡಾಕ್ಟರಮ್ಮ, "ನಲವತ್ತೇಳಲ್ವಾ, ಮುಟ್ಟು ನಿಲ್ಲೋ ಹೊತ್ತಿಗೆ ಇದೆಲ್ಲ ಇರುತ್ತೆ. ಚೆನ್ನಾಗಿ ನಡೀರಿ, ಸೊಪ್ಪು ತರಕಾರಿ ತಿನ್ನಿ, ಮನಸ್ಸು ಹಗುರ ಮಾಡ್ಕೊಳ್ಳಿ" ಎಂದಿದ್ದರು. ದಿನಕ್ಕೆ ಆರು ಸಲ ತೋಟಕ್ಕೆ ಹೊರೆ ಹೊತ್ತು ನಡೆಯುವವಳಿಗೆ ನಡೆಯಲು ಹೇಳಿದ್ದು ಕೇಳಿ ಶಾಮಲಮ್ಮನಿಗೆ ನಗು ಬಂದಿತ್ತು. ಮನಸ್ಸು ಹಗುರ ಮಾಡಿಕೊಳ್ಳಲು ಎಲ್ಲಿಗೆ ಹೋಗಬೇಕು ಎನ್ನುವುದನ್ನು ಮಾತ್ರ ಅವರು ಹೇಳಿರಲಿಲ್ಲ. ಇಡೀ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಮೂರು ದಿನ. ಮುಟ್ಟಿನ ಜೊತೆ ಅದೂ ಹೋಗಿತ್ತು. ಅದಕ್ಕೇ ಸುಳ್ಳು ಹೇಳಿದಳು.

ಮೊದಲ ದಿನ ಗೋಡೆಗೊರಗಿ ನಿದ್ದೆ ಮಾಡಿದಳು. ಎರಡನೆಯ ದಿನ ಹೊಂಗೆ ಮರ ನೋಡುತ್ತ ಕೂತಳು. ಹುಳುಮನೆಯಿಂದ ಗಂಡನ ದನಿ ಕೇಳಿಸುತ್ತಿತ್ತು. "ತಿನ್ನಿ, ತಿನ್ನಿ, ಎಲ್ಲಾ ನಿಮ್ಗೇನೇ" ಎಂದು ಹುಳುಗಳಿಗೆ ಮೆತ್ತಗೆ ಹೇಳುತ್ತಿದ್ದ. ಅವನು ಅಷ್ಟು ಮೆತ್ತಗೆ ಮಾತಾಡಬಲ್ಲ ಎನ್ನುವುದೇ ಅವಳಿಗೆ ಮರೆತುಹೋಗಿತ್ತು. ತುಂಬಾ ಹೊತ್ತು ಅತ್ತಳು.

ಮೂರನೆಯ ದಿನ ಮಧ್ಯಾಹ್ನ ಅತ್ತೆ ಕದಿರಮ್ಮ ಮುದ್ದೆ, ಬಸ್ಸಾರಿನ ತಟ್ಟೆಯನ್ನು ಮಾರು ದೂರದಲ್ಲಿಟ್ಟು ಹೊರಡಲಿಲ್ಲ. ನಿಂತೇ ಇದ್ದಳು. ಎಪ್ಪತ್ತು ದಾಟಿದ ಈ ಮುದುಕಿ ಸೊಸೆಯ ಜೊತೆ ಬೇಕಾದಷ್ಟೇ ಮಾತಾಡುವವಳು.

"ಏಮೇ, ನಿಂದು ನಿಂತು ಎಷ್ಟು ತಿಂಗ್ಳಾಯ್ತು?" ಎಂದು ದನಿ ತಗ್ಗಿಸಿ ಕೇಳಿದಳು.

ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. "ಯಾವ್ದು ಅತ್ತೆ?"

"ಮಳ್ಳಿ ಹಂಗೆ ಆಡ್ಬ್ಯಾಡ. ಬೀರು ಮೇಲಿರೋ ಪ್ಯಾಡಿನ ಪೊಟ್ಣ ಉಗಾದಿಯಿಂದ ಹಂಗೇ ಐತೆ. ಧೂಳು ಹಿಡ್ದೈತೆ."

ಶಾಮಲಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಇನ್ನು ಜಗಲಿಯೂ ಹೋಯಿತು, ಮಾನವೂ ಹೋಯಿತು ಅಂದುಕೊಂಡಳು. "ಅವರ್ಗೆ ಹೇಳ್ಬೇಡಿ ಅತ್ತೆ. ನಂಗೇನೋ ಆಗ್ತೈತೆ. ಯಾಕೆ ಅಂತ್ಲೇ ಗೊತ್ತಿಲ್ದೆ ಅಳು ಬರ್ತೈತೆ. ಯಾರೂ ಕರೀದೆ ಒಂದ್ಕಡೆ ಕೂತ್ರೆ ಸಾಕು ಅನ್ನಿಸ್ತು, ಅಷ್ಟೇ."

ಕದಿರಮ್ಮ ಜಗಲಿಯ ಆ ತುದಿಯಲ್ಲಿ ಮಂಡಿ ಹಿಡಿದುಕೊಂಡು ಕೂತಳು.

"ನಾನು ಎರಡು ವರ್ಷ ಇದೇ ಸುಳ್ಳು ಹೇಳಿದ್ದೆ. ನಿಮ್ಮಾವಂಗೆ ದಿನ ಎಣಿಸೋಕೆ ಬರ್ತಿರ್ಲಿಲ್ಲ, ಬಚಾವಾದೆ. ಲೋಕದಾಗೆ ನನಗೊಬ್ಬಳಿಗೇ ಹಿಂಗಾಗೈತೆ ಅಂದ್ಕೊಂಡಿದ್ದೆ ಕಣೇ" ಎಂದಳು.

ಶಾಮಲಮ್ಮ ಆಗ ಈ ಮನೆಯ ಹೊಸ ಸೊಸೆ. ಇದೇ ಜಗಲಿಗೆ ತಟ್ಟೆ ತಳ್ಳಿ, ಮುದುಕಿಗೆ ಒಳ್ಳೇ ಆರಾಮ ಎಂದು ಗೊಣಗುತ್ತ ಓಡುತ್ತಿದ್ದಳು. ಒಂದು ದಿನವೂ ನಿಂತು ಮುಖ ನೋಡಿರಲಿಲ್ಲ. ಅವಳ ಕಣ್ಣಲ್ಲಿ ಮತ್ತೆ ನೀರು ಬಂತು. ಈ ಸಲ ಯಾಕೆ ಎಂದು ಗೊತ್ತಿತ್ತು.

ಹುಳುಮನೆಯಿಂದ ಮುನಿಕೃಷ್ಣಪ್ಪ ಕೂಗಿದ. "ಅಮ್ಮಾ, ಅವ್ಳು ನಾಳೆ ಬೆಳಿಗ್ಗೆ ನೀರು ಹಾಕ್ಕೊಂಡು ಒಳಕ್ಕೆ ಬರ್ತಾಳಂತಾ?"

"ಎಲ್ಲೋ! ಈ ಸಲ ಐದು ದಿನ. ಸೊಪ್ಪು ನೀನೇ ಹಾಕ್ಕೋ" ಎಂದು ಕದಿರಮ್ಮ ಊರಿಗೆಲ್ಲ ಕೇಳುವ ಹಾಗೆ ಹೇಳಿದಳು.

ಶಾಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಇನ್ನೊಂದು ಕೈ ಚಾಚಿದಳು. "ಅತ್ತೆ, ಇಲ್ಲಿ, ನನ್ ಪಕ್ಕ ಬಂದು ಕೂತ್ಕೊಳ್ಳಿ."

ಮುದುಕಿ ಎದ್ದು ಎರಡು ಹೆಜ್ಜೆ ಬಂದಳು. ಹುಳುಮನೆಯ ತೆರೆದ ಬಾಗಿಲ ಕಡೆ ನೋಡಿ, ಮತ್ತೆ ತನ್ನ ಜಾಗಕ್ಕೇ ಹೋಗಿ ಕೂತಳು.

"ಬ್ಯಾಡ ಕಣೇ. ನಾನು ನಿನ್ನ ಮುಟ್ಟಿದ್ದು ಅವ್ನು ಕಂಡ್ರೆ ಸುಳ್ಳು ಗೊತ್ತಾಗಿ ನೀನು ಒಳಗೆ ಬರ್ಬೇಕಾಗ್ತೈತೆ. ಅಲ್ಲೇ ಕೂತು ಅಳು."